ಕಾಲು ತಾಗಿದ ಹಾಳೆ

ನಮ್ಮ ಡಾಕ್ಟರಮ್ಮ ಜರ್ಮನಿಯವರು. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಬರೆಯುತ್ತಾರೆಂದು ಶಾಲೆಯಲ್ಲಿ ಆ ಕೈಯನ್ನು ಬೆಂಚಿಗೆ ಕಟ್ಟುತ್ತಿದ್ದರಂತೆ. ಮಕ್ಕಳ ಕಲಿಕೆಯ ಮನಶ್ಶಾಸ್ತ್ರ ಓದಿದ್ದೇ ಆ ಸಿಟ್ಟಿಗೆ. ಅಮೆರಿಕದ ಡಲ್ಲಾಸ್‌ನಲ್ಲಿ ಅವರು ಮಕ್ಕಳನ್ನು ಪರೀಕ್ಷಿಸಿ ಬರೆದ ರಿಪೋರ್ಟುಗಳನ್ನು ಟೈಪ್ ಮಾಡುತ್ತಿದ್ದವಳು ನಾನು, ಹುಬ್ಬಳ್ಳಿಯ ಬಾಯಿಬಡಕಿ.

ಒಮ್ಮೆ ನಮ್ಮ ಕಡೆಯವರದೇ ಪುಟ್ಟ ಹುಡುಗಿ ಬಂದಿದ್ದಳು. ಮಾತು ಕಡಿಮೆ. ಡಾಕ್ಟರಮ್ಮ ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಸುತ್ತಲೂ ಚಿತ್ರದ ಹಾಳೆಗಳನ್ನು ಹರಡುತ್ತಿದ್ದರು. ರಿಪೋರ್ಟಿನಲ್ಲಿ ಒಂದು ಸಾಲಿತ್ತು: ‘ಕಾರಣವಿಲ್ಲದೆ ಹಾಳೆ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ, ಮತ್ತೆ ಮತ್ತೆ.’ ಇಂಗ್ಲಿಷಿನಲ್ಲಿತ್ತಲ್ಲ, ನನ್ನ ತಲೆಗೆ ಹೋಗಲೇ ಇಲ್ಲ. ಆಯುಧಪೂಜೆಗೆ ಕೀಬೋರ್ಡಿಗೂ ಕುಂಕುಮ ಹಚ್ಚುವ ಮಹಾತಾಯಿ ನಾನು! ಪಟಪಟನೆ ಟೈಪ್ ಮಾಡಿ ಕಳಿಸಿದೆ. ಶಾಲೆಯವರು ಹುಡುಗಿಯನ್ನು ಕಲಿಕೆಯಲ್ಲಿ ಹಿಂದುಳಿದವರ ಬೇರೆ ಕ್ಲಾಸಿಗೆ ಹಾಕಿದರು.

ಕೆಲವು ವರ್ಷಗಳ ಮೇಲೆ ಆಫೀಸು ಹ್ಯೂಸ್ಟನ್‌ಗೆ ಶಿಫ್ಟ್ ಆಯಿತು, ನಾನೂ ಅದರ ಪಕ್ಕದ ಶುಗರ್ ಲ್ಯಾಂಡ್‌ಗೆ ಬಂದೆ. ಒಂದು ದಿನ ಕೈಯಿಂದ ಫೈಲು ಜಾರಿ, ಹಾಳೆಗೆ ನನ್ನ ಕಾಲು ತಾಗಿತು. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು.

“ಈಗ ಏನು ಮಾಡಿದೆ ನೀನು?”

“ಕಾಲು ತಾಗಿತಲ್ಲ ಮೇಡಂ, ಹಾಳೆ ಅಂದ್ರೆ ನಮಗೆ ಸರಸ್ವತಿ...” ಎನ್ನುವಷ್ಟರಲ್ಲಿ ನನಗೂ ಹೊಳೆಯಿತು. ಇಬ್ಬರಿಗೂ ಅದೇ ಹುಡುಗಿ ನೆನಪಾಗಿದ್ದಳು.

ಆ ಕುಟುಂಬ ಆಗ ಆಸ್ಟಿನ್‌ನಲ್ಲಿತ್ತು. ಹಳೆಯ ರಿಪೋರ್ಟ್ ನೋಡಿ ಅಲ್ಲೂ ಹುಡುಗಿಯನ್ನು ಅಂಥದೇ ಕ್ಲಾಸಿಗೆ ಹಾಕಿದ್ದರು. ಡಾಕ್ಟರಮ್ಮ ಫೋನ್ ಮಾಡಿ ತಪ್ಪೊಪ್ಪಿಕೊಂಡರು. ಮತ್ತೆ ಪರೀಕ್ಷಿಸಿ ಆ ಕ್ಲಾಸಿನಿಂದ ಬಿಡಿಸುತ್ತೇನೆ ಎಂದರು. ಇಬ್ಬರೂ ಕಾರಿನಲ್ಲಿ ಅವರ ಮನೆಗೆ ಹೋದೆವು. ಬಾಗಿಲು ತೆರೆದ ತಾಯಿ ನೋಡಿದ್ದು ನನ್ನನ್ನೇ.

“ಅವರಿಗೆ ಗೊತ್ತಿಲ್ಲ ಬಿಡ್ರಿ. ನಿಮಗೂ ಗೊತ್ತಿರಲಿಲ್ಲೇನ್ರಿ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹುಡುಗಿ ಎತ್ತರವಾಗಿದ್ದಳು. ಕಾರ್ಪೆಟ್ ಮೇಲೆ ಕೂತು ಉತ್ತರ ಯೋಚಿಸುವಾಗ ಅವಳ ಪಾದ ಹಾಳೆಗೆ ತಾಗಿತು. ಬಲಗೈ ತಟ್ಟನೆ ಮುಂದೆ ಹೋಯಿತು. ಡಾಕ್ಟರಮ್ಮನನ್ನು ನೋಡಿದವಳೇ ಕೈ ಹಿಂದಕ್ಕೆಳೆದು, ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತಳು.

“ಐ ಡೋಂಟ್ ಡೂ ದಟ್ ಎನಿಮೋರ್,” ಎಂದು ನಕ್ಕಳು. ಶಹಬ್ಬಾಸ್ ಎನ್ನಲಿ ಎಂದು ಕಾಯುತ್ತಿದ್ದಳು, ಪಾಪ.

ಮುಂದೆ ಅವಳ ಕ್ಲಾಸೇನೋ ಬದಲಾಯಿತು. ಆದರೆ ಆ ದಿನ ವಾಪಸು ಬರುವಾಗ ಡಾಕ್ಟರಮ್ಮ ಸ್ಟೀರಿಂಗ್ ಮೇಲಿದ್ದ ತಮ್ಮ ಎಡಗೈಯನ್ನು ಒಮ್ಮೆ ನೋಡಿಕೊಂಡರು.

“ಅವಳ ಕೈಯನ್ನು ನಾವು ಕಟ್ಟಿಬಿಟ್ಟೆವು,” ಎಂದರು.

ನಾವು ಎಂದರು. ನಾನು ಎದುರಾಡಲಿಲ್ಲ.