ಮಣ್ಣಿಗೆ ಮೊದಲು ಹೋದ ಕಾಲು

ತ್ರೋಫಿಮ್‌ನ ಎಡಗಾಲು ಅವನಿಗಿಂತ ಮೊದಲೇ ಮಣ್ಣು ಸೇರಿತ್ತು. ಕರಗಂಡ ಪಟ್ಟಣದ ಕಲ್ಲಿದ್ದಲ ಗಣಿಗಳಾಚೆ ಗುಡ್ಡದ ಮೇಲಿನ ಸ್ಮಶಾನದಲ್ಲಿ, ಅವನ ಅಪ್ಪನ ಗೋರಿಯ ಮಗ್ಗುಲಲ್ಲೇ ಒಂದು ಪುಟ್ಟ ದಿಬ್ಬ, ಅದರ ಮೇಲೆ ಗೇಣುದ್ದದ ಶಿಲುಬೆ. ಹೂಳಿಸಿದವಳು ತಾಯಿ ಅಗಾಫ್ಯಾ. ಕೇರಿಯವರಿಗೆ ತಮಾಷೆಗೆ ಇದಕ್ಕಿಂತ ಇನ್ನೇನು ಬೇಕು?

"ಏನಯ್ಯಾ, ನಾವೆಲ್ಲ ಮುದುಕರಾದ ಮೇಲೆ ಗೋರಿಗೆ ಒಂದು ಕಾಲು ಇಡೋದು. ನೀನು ಮೀಸೆ ಕಪ್ಪಗಿರೋವಾಗ್ಲೇ ಇಟ್ಟುಬಿಟ್ಯಲ್ಲ!" ಅನ್ನುತ್ತಿದ್ದ ಪಕ್ಕದ ಮನೆಯ ಕೈರ್‌ಬೆಕ್. ಅವನು ಕಜಾಕ್ ಮುಸಲ್ಮಾನ, ಗಣಿಯಲ್ಲಿ ತ್ರೋಫಿಮ್‌ನ ಜೊತೆಗಾರನಾಗಿದ್ದವನು.

"ಜಾಗ ಹಿಡಿದಿಟ್ಟಿದೀನಿ ಕಣೋ. ಆಮೇಲೆ ನೂಕುನುಗ್ಗಲಲ್ಲಿ ಸಿಗದೇ ಹೋದ್ರೆ?" ಎಂದು ತ್ರೋಫಿಮ್ ಕೂಡ ನಗುತ್ತಿದ್ದ.

ಕಾಲಿನ ಮಾತಿಗೆ ಎಷ್ಟು ಬೇಕಾದರೂ ನಗುತ್ತಿದ್ದವನು, ಯಾರಾದರೂ ಅವನ ಅಣ್ಣ ಜಖಾರ್‌ನ ಹೆಸರೆತ್ತಿದರೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಬಿಡುತ್ತಿದ್ದ.

ಅಣ್ಣತಮ್ಮ ಇಬ್ಬರೂ ಒಂದೇ ಗಣಿಗೆ ಇಳಿಯುತ್ತಿದ್ದವರು. ತ್ರೋಫಿಮ್ ಕಲ್ಲಿದ್ದಲು ಕಡಿಯುತ್ತಿದ್ದ, ಜಖಾರ್ ಸುರಂಗದ ಚಾವಣಿಗೆ ಮರದ ಕಂಬ ಊರುತ್ತಿದ್ದ. ಒಂದು ದಿನ ಚಾವಣಿ ಕುಸಿಯಿತು. ತ್ರೋಫಿಮ್‌ನ ಎಡಗಾಲು ಮೊಣಕಾಲಿನ ಕೆಳಗೆ ಬಂಡೆಯಡಿ ಸಿಕ್ಕಿಕೊಂಡಿತು. ಜಖಾರ್ ತೆವಳಿಕೊಂಡು ಬಂದ, ಬಂಡೆ ಎತ್ತಲು ನೋಡಿದ, ಆಗಲಿಲ್ಲ. ಕಂಬಗಳು ಲಟಲಟ ಅನ್ನುತ್ತಿದ್ದವು. ಅವನು ಸೊಂಟದ ಪಟ್ಟಿ ಬಿಚ್ಚಿ ತಮ್ಮನ ತೊಡೆಗೆ ಬಿಗಿದು ಕಟ್ಟಿ, ಕಂಬ ಕಡಿಯುವ ಕೊಡಲಿ ಎತ್ತಿದ. "ಬೇಡ ಅಣ್ಣಾ, ತಾಳು!" ಎಂದು ತಾನು ಕೂಗಿದ್ದು ತ್ರೋಫಿಮ್‌ಗೆ ನೆನಪಿದೆ. ಮುಂದಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ಆಸ್ಪತ್ರೆ. ಜೀವ ಉಳಿದಿತ್ತು. ಆದರೆ ಅಣ್ಣ ತನ್ನನ್ನು ಹೊತ್ತು ತರುತ್ತಿದ್ದ ದಾರಿಯಲ್ಲೇ, ಬಂಡೆ ಎತ್ತುವ ಜಾಕ್ ಹಿಡಿದುಕೊಂಡ ರಕ್ಷಣೆಯ ತಂಡ ಎದುರಾಯಿತಂತೆ ಎಂಬುದು ಅಲ್ಲೇ ಅವನ ಕಿವಿಗೆ ಬಿತ್ತು. ಜಖಾರ್ ನೋಡಲು ಬಂದಾಗ ಅವನು ಕೇಳಿದ್ದು ಒಂದೇ ಮಾತು: "ಇನ್ನೊಂದು ಚೂರು ಕಾಯೋಕೆ ನಿಂಗೇನಾಗಿತ್ತು?"

ಜಖಾರ್ ಟೋಪಿ ಹಿಂಡುತ್ತಾ ನಿಂತ, ಹೊರಟುಹೋದ. ಅಲ್ಲಿಗೆ ಮಾತು ಮುರಿಯಿತು.

ಬಂಡೆ ಸರಿಸಿದವರು ಕಾಲನ್ನು ಗೋಣಿಬಟ್ಟೆಯಲ್ಲಿ ಸುತ್ತಿ ಮೇಲೆ ತಂದಿದ್ದರು. ಅಗಾಫ್ಯಾ ಅದನ್ನು ಕೇಳಿ ಪಡೆದುಕೊಂಡಳು. "ಕಡೇ ದಿನ ತುತ್ತೂರಿ ಊದಿ ಸತ್ತೋರೆಲ್ಲ ಏಳೋವಾಗ ನನ್ನ ಮಗ ಕುಂಟ್ಕೊಂಡು, ಕಾಲೆಲ್ಲಿ ಕಾಲೆಲ್ಲಿ ಅಂತ ಹುಡುಕ್ತಾ ಅಲೀಬೇಕಾ? ಅಪ್ಪನ ಪಕ್ಕದಲ್ಲಿರಲಿ. ಅವರು ಏಳೋವಾಗ ತಗೊಂಡು ಬರ್ತಾರೆ." ಪೆಟ್ಟಿಗೆ ಮಾಡಿಕೊಟ್ಟವನು ಜಖಾರ್. ಕೈರ್‌ಬೆಕ್ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. "ನಮ್ಮಲ್ಲೂ ಹೂಳ್ತಾರಮ್ಮ, ಸರಿಯಾಗೇ ಮಾಡಿದ್ರಿ" ಅಂದ. ತಮಾಷೆ ಶುರು ಮಾಡಿದ್ದು ಆಮೇಲೆ.

ತ್ರೋಫಿಮ್ ಮರಗಾಲು ಕಟ್ಟಿಕೊಂಡ. ಮನೆಯ ಮುಂದಿನ ಕೊಠಡಿಯಲ್ಲೇ ಕೂತು ಗಣಿಯವರ ಬೂಟು ಹೊಲಿಯುವ ಕೆಲಸ ಕಲಿತ. ಮದುವೆಯಾಗಲಿಲ್ಲ. ಅದನ್ನೂ ಅಣ್ಣನ ತಲೆಗೇ ಕಟ್ಟಿದ. ಇಲ್ಲದ ಕಾಲಿನ ಬೆರಳುಗಳು ಆಗಾಗ ಮಡಚಿಕೊಂಡು ಹಿಂಡುವ ಹಾಗೆ ನೋಯುತ್ತಿದ್ದವು. ಅದನ್ನು ಕೇಳಿದ್ದೇ ತಡ, ಅಗಾಫ್ಯಾ ಎದೆ ಬಡಿದುಕೊಂಡಳು: "ಅಯ್ಯೋ, ಪೆಟ್ಟಿಗೆ ಗಿಡ್ಡ ಆಗಿರ್ಬೇಕು! ಬೆರಳು ಮಡಚ್ಕೊಂಡಿದೆ ಪಾಪ!" ಹಿರಿಮಗನನ್ನು ಕರೆದುಕೊಂಡು ಹೋಗಿ ದಿಬ್ಬ ಅಗೆಸಿ, ಉದ್ದದ ಪೆಟ್ಟಿಗೆಯಲ್ಲಿ ನೆಟ್ಟಗೆ ಮಲಗಿಸಿ ಬಂದಳು. ಕೇರಿಗೆ ಮತ್ತೊಂದು ಹಬ್ಬ. ತ್ರೋಫಿಮ್ ನಾಚಿಕೆಯಿಂದ ಎರಡು ದಿನ ಬಾಗಿಲು ತೆರೆಯಲಿಲ್ಲ. ಆದರೆ ನೋವು ಸ್ವಲ್ಪ ಇಳಿದದ್ದಂತೂ ನಿಜ. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಹೀಗೇ ವರ್ಷಗಳು ಉರುಳಿದವು. ಜಖಾರ್ ಬೀದಿಯ ಆ ತುದಿಯಲ್ಲಿ, ಒಂಟಿ. ಅಗಾಫ್ಯಾ ಎರಡು ಮನೆಯ ನಡುವೆ ಲಾಳಿಯ ಹಾಗೆ ಓಡಾಡುತ್ತಿದ್ದಳು. ಯೇಸು ಸತ್ತು ಮತ್ತೆ ಎದ್ದ ಹಬ್ಬದ ದಿನ ಜಖಾರ್ ಕೊಟ್ಟ, ಹಬ್ಬಕ್ಕೆಂದೇ ಬಣ್ಣ ಹಾಕಿದ ಕೆಂಪು ಮೊಟ್ಟೆಯನ್ನು ತಲೆವಸ್ತ್ರದ ತುದಿಯಲ್ಲಿ ಕಟ್ಟಿಕೊಂಡು ತಂದು, "ನಿಮ್ಮಣ್ಣ ಕಳಿಸಿದಾನೆ" ಎಂದು ಮೇಜಿನ ಮೇಲಿಡುತ್ತಿದ್ದಳು. ತ್ರೋಫಿಮ್ ಅದನ್ನು ಕೈರ್‌ಬೆಕ್‌ನ ಮಕ್ಕಳಿಗೆ ಕೊಟ್ಟುಬಿಡುತ್ತಿದ್ದ.

"ಅಮ್ಮಾ, ಅವನ ಸುದ್ದಿ ನನ್ನ ಹತ್ರ ಎತ್ತಬೇಡ."

"ನಾನು ಎತ್ತಿದ್ದು ಮೊಟ್ಟೆ ಕಣೋ" ಎನ್ನುತ್ತಿದ್ದಳು ಅವಳು.

ಆ ವರ್ಷ ಹಬ್ಬ ಕಳೆದು ಇನ್ನೂ ಆ ವಾರ ಮುಗಿದಿರಲಿಲ್ಲ. ಬೆಳಗ್ಗೆ ಅಗಾಫ್ಯಾ ಒಲೆಯ ಪಕ್ಕದ ಬೆಂಚಿನ ಮೇಲೆ ಕೂತವಳು, "ಹಿಟ್ಟು ಉಬ್ಬಿದೆಯಾ ನೋಡೋ" ಅಂದಳು. ತ್ರೋಫಿಮ್ ಎದ್ದು ಹೋಗಿ ಬಟ್ಟೆ ಸರಿಸಿ ನೋಡಿ, "ಉಬ್ಬಿದೆ ಅಮ್ಮ" ಎಂದು ತಿರುಗುವಷ್ಟರಲ್ಲಿ ಅವಳು ಗೋಡೆಗೆ ಒರಗಿ ಹೋಗಿಬಿಟ್ಟಿದ್ದಳು. ಮುಖದಲ್ಲಿ ಒಂದು ಗೆರೆಯೂ ಕದಲಿರಲಿಲ್ಲ.

ಅಕ್ಕಪಕ್ಕದ ಮುದುಕಿಯರು ಬಂದರು, ಅತ್ತರು, ಹೊಟ್ಟೆಕಿಚ್ಚನ್ನೂ ಪಟ್ಟರು. "ಪುಣ್ಯವಂತೆ! ಹಬ್ಬದ ಈ ವಾರ ಸ್ವರ್ಗದ ಬಾಗಿಲಿಗೆ ಅಗುಳಿ ಹಾಕಲ್ಲ, ನೇರವಾಗಿ ಒಳಗೆ ಹೋದ್ಲು." ತ್ರೋಫಿಮ್‌ಗೆ ಅದೊಂದೂ ತಲೆಗೆ ಹತ್ತಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತ. ಉಬ್ಬಿದ ಹಿಟ್ಟು ಪಾತ್ರೆ ದಾಟಿ ಮೇಜಿನ ಮೇಲೆ ಇಳಿಯಿತು.

ಮಣ್ಣು ಮಾಡುವ ದಿನ ಜಖಾರ್ ಮತ್ತು ಕೈರ್‌ಬೆಕ್ ನಸುಕಿಗೇ ಹಾರೆ ಗುದ್ದಲಿ ಹಿಡಿದು ಗುಡ್ಡಕ್ಕೆ ಹೋದರು. ಮೇಲಿನ ಹಿಮ ಕರಗಿ ಕೆಸರಾಗಿತ್ತು, ಕೆಳಗಿನ ನೆಲ ಇನ್ನೂ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಹೊತ್ತೇರಿದ ಮೇಲೆ ಜನ ಪೆಟ್ಟಿಗೆ ಹೊತ್ತುಕೊಂಡು ಹತ್ತಿದರು. ತ್ರೋಫಿಮ್ ಮರಗಾಲು ಎಳೆದುಕೊಂಡು ಹಿಂದೆ ಹಿಂದೆ ಬಂದ. ಮುಂದೆ ಪಾದ್ರಿ ಮೆಫೋದಿ. ಹಬ್ಬದ ವಾರವಾದ್ದರಿಂದ ಮೈಮೇಲೆ ಬಿಳಿಯ ಉಡುಪು, ಬಾಯಲ್ಲಿ ಹಬ್ಬದ ಹಾಡು. ತ್ರೋಫಿಮ್‌ಗೆ ಮೈ ಉರಿಯಿತು. ಅಮ್ಮ ಸತ್ತಿದ್ದಾಳೆ, ಇವರಿಗೆ ಸಡಗರ!

ಮೇಲೆ ತಲುಪಿದವನು ನಿಂತುಬಿಟ್ಟ. ಗುಂಡಿ ತೋಡುವಾಗ ಪಕ್ಕದ ಮಣ್ಣು ಜರಿದು ಕಾಲಿನ ಪೆಟ್ಟಿಗೆ ಹೊರಬಿದ್ದಿತ್ತು. ಅದನ್ನು ಎತ್ತಿ ಹುಲ್ಲಿನ ಮೇಲೆ ಇಟ್ಟಿದ್ದರು. ಬಯಲಿನ ಗಾಳಿ ಮೂಳೆ ಕೊರೆಯುವ ಹಾಗೆ ಬೀಸುತ್ತಿತ್ತು. ಜಖಾರ್ ತನ್ನ ಹತ್ತಿ ತುಂಬಿದ ಕೋಟು ಬಿಚ್ಚಿ ಆ ಪೆಟ್ಟಿಗೆಗೆ ಹೊದಿಸಿ, ತಾನು ಬರೀ ಅಂಗಿಯಲ್ಲಿ ಗಡಗಡ ನಡುಗುತ್ತಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ತಲೆಗೂದಲು ಪೂರಾ ಬೆಳ್ಳಗಾಗಿತ್ತು. ಅದು ಯಾವಾಗ ಆಯಿತೋ, ತ್ರೋಫಿಮ್ ಗಮನಿಸಿರಲಿಲ್ಲ.

ಉರಿಯುತ್ತಿದ್ದ ಸಿಟ್ಟನ್ನು ಅಣ್ಣನ ಮೇಲೆ ಕಾರಲಾರದೆ ಪಾದ್ರಿಯ ಮೇಲೆ ತಿರುಗಿಸಿದ.

"ಸ್ವಾಮಿ, ನೀವು ಅಷ್ಟು ಖುಷಿಯಾಗಿ ಹಾಡ್ತಿದೀರಲ್ಲ, ನಂಗೊಂದು ಹೇಳಿ. ಕಡೇ ದಿನ ನಾನು ಎಲ್ಲಿಂದ ಏಳ್ಬೇಕು? ಅರ್ಧ ಇಲ್ಲಿ, ಅರ್ಧ ಇನ್ನೆಲ್ಲೋ! ಕಾಲು ಮೊದಲು ಬಂದು ನನಗೆ ಕಾಯುತ್ತಾ?"

ಮೆಫೋದಿ ಬೇಸರ ಮಾಡಿಕೊಳ್ಳಲಿಲ್ಲ. ಇದೇ ಬಯಲಿನ ಸೆರೆಶಿಬಿರದಲ್ಲಿ ಕೈದಿಯಾಗಿ ಕಲ್ಲು ಹೊತ್ತು ಬೆನ್ನು ಬಾಗಿಸಿಕೊಂಡ ಮುದುಕ.

"ಕಾಲಿನ ಚಿಂತೆ ಬಿಡಪ್ಪ" ಅಂದ. "ಈ ಬಯಲಲ್ಲಿ ಪೆಟ್ಟಿಗೇನೂ ಇಲ್ಲದೆ, ಶಿಲುಬೇನೂ ಇಲ್ಲದೆ ಹೋದ ಎಷ್ಟೋ ಜನರನ್ನ ನಾನೇ ಹೂತಿದೀನಿ. ಮಣ್ಣಿಂದ ಮಾಡಿದೋನಿಗೆ ಮತ್ತೆ ಜೋಡಿಸೋದು ಗೊತ್ತಿಲ್ವಾ? ಆದ್ರೆ ಒಂದು ನೋಡು. ಯೇಸು ಎದ್ದು ಬಂದಾಗ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ಮಾಯಿಸ್ಕೊಂಡು ಬರಲಿಲ್ಲ. ತನ್ನನ್ನ ಬಿಟ್ಟು ಓಡಿದ ಶಿಷ್ಯರು ಬಾಗಿಲು ಹಾಕ್ಕೊಂಡು ಕೂತಿದ್ರಲ್ಲ, ಅವರ ಮುಂದೆ ನಿಂತು ಮೊದಲು ಏನಂದ? 'ಯಾಕ್ರೋ ಓಡಿದ್ರಿ' ಅಂದನಾ? 'ಸಮಾಧಾನವಾಗಿರಿ' ಅಂದ. ಆಮೇಲೆ ಕೆರೆ ದಡದಲ್ಲಿ ಕೆಂಡ ಮಾಡಿ ಮೀನು ಸುಟ್ಟು, ಬನ್ನಿ ತಿನ್ನಿ ಅಂತ ಕರೆದ. ಏಳೋದು ಅಂದ್ರೆ ಅದೂ ಸೇರಿ, ತ್ರೋಫಿಮ್. ಗಾಯ ಇರುತ್ತೆ, ಆದ್ರೆ ಅದು ಯಾರನ್ನೂ ಕಚ್ಚಲ್ಲ." ಮೆಲ್ಲಗೆ ಸೇರಿಸಿದ: "ನಿನ್ನ ಕಾಲು ಹಾಯಾಗಿ ಮಲಗಿದೆ. ನೀನೇ ಇನ್ನೂ ಆ ಬಂಡೆ ಕೆಳಗೆ ಬಿದ್ದಿದೀಯ."

"ಹೇಳೋದು ಸುಲಭ ಸ್ವಾಮಿ."

"ಹೂಂ, ಸುಲಭ. ಅದಕ್ಕೇ ಹೇಳೋ ಕೆಲಸ ನನಗೆ ಬಂದಿದೆ."

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಅಗಾಫ್ಯಾಳನ್ನು ಇಳಿಸಿದರು. ಜಖಾರ್ ಆ ಸಣ್ಣ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ನಿಂತ. ನೆಲ ನೋಡುತ್ತಾ ಕೇಳಿದ: "ಇದನ್ನ ಎಲ್ಲಿಡ್ಲಿ?"

ಆಸ್ಪತ್ರೆಯ ದಿನದಿಂದ ಈಚೆಗೆ ಅಣ್ಣ ತನಗೆ ಆಡಿದ ಮೊದಲ ಮಾತು. ತ್ರೋಫಿಮ್ ಬೈಯಲು ಬಾಯಿ ತೆರೆದಿದ್ದ. ಬಂದದ್ದು ಬೇರೆ.

"ಅಮ್ಮನ ಪಕ್ಕದಲ್ಲೇ ಇಡು. ಮಗ್ಗುಲಲ್ಲಿ ಮಲಗಿಸ್ಕೊಳ್ಲಿ. ...ಕೋಟು ಹಾಕ್ಕೋ ಮೊದಲು."

ಮಣ್ಣು ಮುಚ್ಚಿದರು. ಹೆಂಗಸರು ದಿಬ್ಬದ ಪಕ್ಕ ಬಟ್ಟೆ ಹಾಸಿ, ಬೇಯಿಸಿದ ಗೋಧಿಗೆ ಜೇನು ಕಲಸಿದ್ದು, ಹಬ್ಬದ ಸಿಹಿ ರೊಟ್ಟಿ, ಕೆಂಪು ಮೊಟ್ಟೆ ಇಟ್ಟರು. ಜಖಾರ್ ದೂರ ಹೋಗಿ ಅಪ್ಪನ ಗೋರಿಯ ಬೇಲಿಗೆ ಒರಗಿದ್ದ. ತ್ರೋಫಿಮ್ ಕುಂಟುತ್ತಾ ಅಲ್ಲಿಗೆ ಹೋದ.

"ಅಲ್ಲಿ ಕೆಳಗೆ... ಕಾಯಬಹುದಿತ್ತಾ?"

ಜಖಾರ್ ಹೇಳಿದ: "ಗೊತ್ತಿಲ್ಲ ಕಣೋ. ಇವತ್ತಿಗೂ ಗೊತ್ತಿಲ್ಲ. ಕಾದಿದ್ರೆ ಕಾಲು ಉಳೀತಿತ್ತೇನೋ. ಇಲ್ಲಾ ಇಬ್ರೂ ಹೋಗ್ತಿದ್ವೇನೋ. ಕಂಬ ಮುರಿಯೋ ಸದ್ದು ಕೇಳಿಸ್ತು. ಹೆದರಿಬಿಟ್ಟೆ. ಅಷ್ಟೇ. ದಿನಾ ಬೆಳಗ್ಗೆ ಎದ್ದು ಅದನ್ನೇ ಕೇಳ್ಕೋತೀನಿ, ಗೊತ್ತಾಗಲ್ಲ."

ಅಣ್ಣ ಏನಾದರೊಂದು ಸಮರ್ಥನೆ ಕೊಡುತ್ತಾನೆ, ತಾನದನ್ನು ಚಿಂದಿ ಮಾಡಬೇಕು ಎಂದು ತ್ರೋಫಿಮ್ ಇಷ್ಟು ವರ್ಷ ಮಸೆದಿಟ್ಟುಕೊಂಡಿದ್ದ ಮಾತುಗಳೆಲ್ಲ ಕೆಲಸಕ್ಕೆ ಬಾರದೇ ಹೋದವು. ಇವನಿಗೂ ಗೊತ್ತಿಲ್ಲ! ಒಂದೇ ಪ್ರಶ್ನೆಯನ್ನು ಬೀದಿಯ ಆ ತುದಿಯಲ್ಲಿ ಒಬ್ಬ, ಈ ತುದಿಯಲ್ಲಿ ಒಬ್ಬ ಹೊತ್ತುಕೊಂಡು ಕೂತಿದ್ದೆವು. ಎದೆಯೊಳಗೆ ಬಿಗಿದಿದ್ದ ಏನೋ ಸಡಿಲಾಗಿ, ಉಸಿರು ಹೊಟ್ಟೆಯ ತನಕ ಇಳಿಯಿತು. ಎಷ್ಟು ಸುಲಭವಾಗಿ ಇಳಿಯಿತೆಂದರೆ ಅವನಿಗೇ ಆಶ್ಚರ್ಯ.

"ನಂಗೂ ಗೊತ್ತಿಲ್ಲ" ಅಂದ. "ಹೋಗ್ಲಿ ಬಿಡು. ಸಾಕು. ಕ್ರಿಸ್ತ ಎದ್ದಿದಾನೆ, ಅಣ್ಣ."

"ನಿಜವಾಗ್ಲೂ ಎದ್ದಿದಾನೆ" ಎಂದು ಹಬ್ಬದ ವಾಡಿಕೆಯ ಮರುಮಾತು ಹೇಳಲು ಹೋದ ಜಖಾರ್‌ಗೆ ಅರ್ಧಕ್ಕೇ ಅಳು ಬಂತು. ಸಂಪ್ರದಾಯದಂತೆ ಮೂರು ಸಲ ಕೆನ್ನೆಗೆ ಮುತ್ತಿಟ್ಟುಕೊಳ್ಳುವಾಗ ಇಬ್ಬರ ಮೂಗೂ ಸೋರುತ್ತಿತ್ತು.

"ಆಯ್ತಾ ನಿಮ್ಮದು?" ಎಂದು ಕೈರ್‌ಬೆಕ್ ಅತ್ತಲಿಂದ ಕೂಗಿದ. "ಬೆಳಗ್ಗೆಯಿಂದ ಕಲ್ಲು ಕುಟ್ಟಿದೀನಪ್ಪ, ಹೊಟ್ಟೆ ತಾಳ ಹಾಕ್ತಿದೆ! ಬಂದು ತಿನ್ನಿ, ನಮಗೂ ತಿನ್ನೋಕೆ ಬಿಡಿ!"

ಪಾದ್ರಿ ಮೆಫೋದಿ ನಗುತ್ತಾ ಸರಿದು ಕೂತು ಜಾಗ ಮಾಡಿದ. ಅಣ್ಣ ಸುಲಿದು ಕೊಟ್ಟ ಮೊಟ್ಟೆಯನ್ನು ತ್ರೋಫಿಮ್ ಉಪ್ಪಿಲ್ಲದೆ ಎರಡೇ ತುತ್ತಿಗೆ ತಿಂದ. ತಾಯಿ ಸತ್ತ ದಿನದಿಂದ ಅವನ ಬಾಯಿಗೆ ಹೋದ ಮೊದಲ ಆಹಾರವದು. ಇನ್ನೊಂದಕ್ಕೆ ಕೈ ಚಾಚಿದ.

ಬೇಸಿಗೆಯ ಹೊತ್ತಿಗೆ ಜಖಾರ್ ತನ್ನ ಗಂಟುಮೂಟೆ ಕಟ್ಟಿಕೊಂಡು ತಮ್ಮನ ಮನೆಗೇ ಬಂದುಬಿಟ್ಟ. ಇಲ್ಲದ ಬೆರಳುಗಳ ನೋವು ಹೋಗಲಿಲ್ಲ, ಚಳಿಗಾಲದಲ್ಲಿ ಬಂದೇ ಬರುತ್ತಿತ್ತು. ಬಂದಾಗ ಜಖಾರ್ ಬಿಸಿ ಉಪ್ಪಿನ ಗಂಟು ತಂದು ಮೊಂಡುಗಾಲಿಗೆ ಒತ್ತುತ್ತಿದ್ದ, ತ್ರೋಫಿಮ್ ಬೇಡ ಅನ್ನುತ್ತಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿ, ನಿನ್ನ ಗೊರಕೆಗೆ ಕಿಟಕಿ ಅದುರುತ್ತೆ, ಚಹಾ ಎಲೆಯೆಲ್ಲ ಖಾಲಿ ಮಾಡ್ತೀಯ ಎಂದು ದಿನ ಬೆಳಗಾದರೆ ಜಗಳ. ಬೂಟು ರಿಪೇರಿಗೆ ಬಂದವರು ಒಂದು ಗಳಿಗೆ ಬಾಗಿಲಲ್ಲಿ ನಿಂತು ಆ ಜಗಳ ಕೇಳಿ, ಒಳಗೆ ಎಲ್ಲ ಕ್ಷೇಮ ಎಂದು ಅಂದುಕೊಂಡು ಬಾಗಿಲು ತಟ್ಟುತ್ತಿದ್ದರು.