ಲಿಫ್ಟಣ್ಣನ ಎಡಗೈ ಹೆಣಿಗೆ

ಊಟ ಬಲಗೈಯಲ್ಲಿ, ಬರವಣಿಗೆ ಬಲಗೈಯಲ್ಲಿ, ಸಿಟ್ಟು ಬಂದರೆ ಮೇಜು ಗುದ್ದುವುದೂ ಬಲಗೈಯಲ್ಲೇ. ಆದರೆ ಕ್ರೋಶಾ ಕಡ್ಡಿ ಹಿಡಿದರೆ ಮಾತ್ರ ಲಿಫ್ಟಣ್ಣ ಎಡಚ. ಇದು ಅವನಿಗೆ ಹುಟ್ಟಿನಿಂದ ಬಂದದ್ದಲ್ಲ, ಹೆಂಡತಿಯಿಂದ ಬಂದದ್ದು.

ಐದು ಮಹಡಿಯ ಹಳೇ ಕಟ್ಟಡವೊಂದರ ಲಿಫ್ಟನ್ನು ಮೇಲೆ ಕೆಳಗೆ ಓಡಿಸುತ್ತಲೇ ತಲೆ ನರೆಸಿಕೊಂಡವನು ಅವನು. ಈಗಿನ ಹಾಗೆ ಗುಂಡಿ ಒತ್ತಿದರೆ ತಾನಾಗಿ ಹೋಗುವ ಲಿಫ್ಟಲ್ಲ. ಹಿತ್ತಾಳೆಯ ಹಿಡಿ ತಿರುಗಿಸಬೇಕು, ಮಹಡಿಗೆ ಸರಿಯಾಗಿ ನಿಲ್ಲಿಸಬೇಕು, ಜಾಲರಿ ಬಾಗಿಲನ್ನು ಕರಕರ ಎಳೆಯಬೇಕು. ಬೆಳಗ್ಗೆ, ಸಂಜೆ ಜನವೋ ಜನ. ನಡುವೆ ಮಧ್ಯಾಹ್ನದ ಹೊತ್ತು ಸ್ಟೂಲಿನ ಮೇಲೆ ಕೂತರೆ ನಿದ್ದೆ ಬಾ ಎಂದು ಕರೆಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಹಾಗೆ ತೂಕಡಿಸುತ್ತಿದ್ದಾಗ ಕಟ್ಟಡದ ಮ್ಯಾನೇಜರು ಬಂದು ಬಾಗಿಲು ಬಡಿದು, ಹತ್ತು ಜನರ ಎದುರು ಮಾನ ಹರಾಜು ಹಾಕಿದ್ದ. ಮನೆಗೆ ಬಂದು ಮುಖ ಊದಿಸಿಕೊಂಡು ಕೂತವನಿಗೆ ಹೆಂಡತಿ ಹೇಳಿದಳು: "ಕೈಗೆ ಕೆಲಸ ಕೊಡ್ರಿ. ಕೈ ಎಚ್ಚರ ಇದ್ರೆ ಕಣ್ಣೂ ಎಚ್ಚರ ಇರತ್ತೆ."

ಅವಳು ಸ್ವೆಟರ್ ಕಾರ್ಖಾನೆಯಲ್ಲಿ ಗುಂಡಿ, ಅಂಚು ನೋಡುವ ವಿಭಾಗದಲ್ಲಿದ್ದಳು. ಸಂಜೆ ನೆಲ ಗುಡಿಸುವಾಗ ಸಿಗುತ್ತಿದ್ದ ಉಲ್ಲನ್ ತುಂಡುಗಳನ್ನು ಮೇಲ್ವಿಚಾರಕಿಗೆ ಹೇಳಿಯೇ ಖಾಲಿ ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತಿದ್ದಳು. ಅದರಲ್ಲಿ ನುಣುಪು ದಾರವನ್ನು ಬೇರೆ ಹೆಂಗಸರು ಮೊದಲೇ ಎತ್ತಿಕೊಂಡಿರುತ್ತಿದ್ದರು. ಇವಳ ಪಾಲಿಗೆ ಉಳಿಯುತ್ತಿದ್ದುದು ಜೂಲುನಾಯಿಯ ಮೈಯಂತೆ ಕೂದಲು ಕೂದಲಾದ ಉಲ್ಲನ್. ಅದು ಯಾರಿಗೂ ಬೇಡ. ಅದರಲ್ಲಿ ಹೆಣೆದರೆ ಕುಣಿಕೆ ಕಣ್ಣಿಗೆ ಕಾಣುವುದಿಲ್ಲ, ಬೆರಳಲ್ಲಿ ಮುಟ್ಟಿಯೇ ಹುಡುಕಬೇಕು. ತಪ್ಪಾಯಿತೆಂದು ಬಿಚ್ಚಲು ಹೋದರೆ ಜೂಲಿಗೆ ಜೂಲು ಅಂಟಿ ಗಂಟಾಗುತ್ತದೆ. ಎಳೆದರೆ ದಾರ ಬೋಳಾಗಿ ಕೈಗೆ ಬರುತ್ತದೆ. "ಇದ್ರಲ್ಲಿ ತಪ್ಪು ಮಾಡಿದ್ರೆ ಸಂಸಾರದ ಹಾಗೆ, ಅದನ್ನಿಟ್ಕೊಂಡೇ ಮುಂದೆ ಹೋಗ್ಬೇಕು" ಎಂದು ಅವಳು ನಗುತ್ತಿದ್ದಳು.

ಅವರದು ಒಂದೇ ಕೋಣೆಯ ಮನೆ. ಮಂಚ ಹಾಕಿದ ಮೇಲೆ ಉಳಿದ ಜಾಗದಲ್ಲಿ ಬೆಕ್ಕು ತಿರುಗಲಿಕ್ಕೂ ಯೋಚಿಸಬೇಕು. ಪಕ್ಕಪಕ್ಕ ಕೂತರೆ ದೀಪಕ್ಕೆ ಒಬ್ಬರ ನೆರಳು ಇನ್ನೊಬ್ಬರ ಕೈಮೇಲೆ ಬೀಳುತ್ತಿತ್ತು. ಹಾಗಾಗಿ ಮಂಚದ ಮೇಲೆ ಎದುರುಬದುರು, ಮಂಡಿಗೆ ಮಂಡಿ ತಾಗಿಸಿ ಕೂತು ಅವಳು ಕಲಿಸಿದಳು. "ನಾನು ಮಾಡಿದ ಹಾಗೇ ಮಾಡಿ, ಬೇರೇನೂ ಯೋಚನೆ ಮಾಡ್ಬೇಡಿ" ಎಂದಳು. ಹೆಂಡತಿಯ ಮಾತನ್ನು ಅಷ್ಟು ಚಾಚೂ ತಪ್ಪದೆ ಪಾಲಿಸಿದ ಗಂಡ ಇನ್ನೊಬ್ಬನಿರಲಾರ. ಕನ್ನಡಿಯಲ್ಲಿ ಕಂಡಂತೆ, ಅವಳ ಬಲಗೈ ಏನು ಮಾಡಿತೋ ಅದನ್ನು ಇವನ ಎಡಗೈ ಮಾಡಿತು. ಅವಳ ಸುತ್ತು ಬಲದಿಂದ ಎಡಕ್ಕೆ ಹೋದರೆ ಇವನದು ಎಡದಿಂದ ಬಲಕ್ಕೆ. ಪ್ರತಿ ಕುಣಿಕೆಯ ಕೊನೆಗೆ ದಾರವನ್ನು ಉಂಗುರದ ಬೆರಳಿಂದ ಸಣ್ಣಗೆ ಜಗ್ಗುವುದು ಅವಳ ಚಾಳಿ. ಅದೂ ಇವನಿಗೆ ಹತ್ತಿಕೊಂಡಿತು. ಒಂದು ಇಡೀ ಕರಡಿ ಮುಗಿದ ಮೇಲೆ ಅವಳು ಗಮನಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ಕೈ ಕೂತುಬಿಟ್ಟಿತ್ತು.

ಆಮೇಲಿನದು ಒಳ್ಳೆಯ ಕಾಲ. ಲಿಫ್ಟಿನೊಳಗೆ ಸ್ಟೂಲಿನ ಪಕ್ಕ ಚೀಲ, ಚೀಲದಲ್ಲಿ ಯಾವುದೋ ಪ್ರಾಣಿಯ ಅರ್ಧ ಮೈ. ಕಟ್ಟಡದ ಜನಕ್ಕೆ ಅದೊಂದು ತಮಾಷೆ.

"ಏನ್ ಲಿಫ್ಟಣ್ಣ, ಈ ಸಲ ಬೆಕ್ಕೋ ಕರಡಿನೋ?"

"ಕಿವಿ ಹಾಕೋವರೆಗೂ ನನಗೂ ಗೊತ್ತಿಲ್ಲ ಸಾರ್."

ನಾಲ್ಕನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರಿದ್ದರು. ಅಳುತ್ತಾ ಮೇಲೆ ಹೋಗುವ ಮಕ್ಕಳಿಗೆ ಲಿಫ್ಟಣ್ಣ ಒಂದು ಆನೆಯನ್ನೋ ಬಾತುಕೋಳಿಯನ್ನೋ ಕೈಗಿಡುತ್ತಿದ್ದ. ಇಳಿಯುವಾಗ ವಾಪಸು ಕೊಡಬೇಕೆಂದು ಕರಾರು, ಕೊಟ್ಟವರು ಕಡಿಮೆ. ಮನೆಯಲ್ಲಿ ಗಂಡಹೆಂಡಿರ ಗೊಂಬೆಗಳು ಒಂದೇ ಬುಟ್ಟಿಯಲ್ಲಿ ಬೆರೆತುಹೋಗುತ್ತಿದ್ದವು. ನೋಡಿದವರಿಗೆ ಎಲ್ಲ ಒಂದೇ. ಇವನು ಮಾತ್ರ ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿಂದ ಜೂಲು ಸರಿಸಿ, ಕುಣಿಕೆ ವಾಲಿದ ದಿಕ್ಕನ್ನು ಸವರಿ "ಇದು ನಿಂದು, ಇದು ನಂದು" ಎಂದು ವಿಂಗಡಿಸುತ್ತಿದ್ದ. ಅವಳು ಮೋಸ ಮಾಡಲು ನೋಡಿದರೂ ಇವನು ಸೋಲುತ್ತಿರಲಿಲ್ಲ.

ಕಾರ್ಖಾನೆ ಮುಚ್ಚಿತು. ಕಟ್ಟಡಕ್ಕೆ ಗುಂಡಿಯ ಲಿಫ್ಟ್ ಬಂತು, ಲಿಫ್ಟಣ್ಣ ಮನೆಗೆ ಬಂದ. ಮಗಳು ಬಸುರಿ ಎಂಬ ಸುದ್ದಿ ಬಂದ ದಿನ ಹೆಂಡತಿ ಅಟ್ಟದ ಮೇಲಿನ ಡಬ್ಬಿ ಇಳಿಸಿ, ಉಳಿದಿದ್ದ ಬೂದುಬಣ್ಣದ ಜೂಲು ಉಲ್ಲನ್ನಿನಲ್ಲಿ ಮೊಲ ಶುರುಮಾಡಿದಳು. ಅದು ಕತ್ತಿನವರೆಗೆ ಬಂದಿತ್ತು. ಒಂದು ಸಂಜೆ ಎದೆ ಹಿಡಿದುಕೊಂಡಂತಾಗಿ, ಕೊನೆಯ ಕುಣಿಕೆ ಬಿಚ್ಚಿಹೋಗದಂತೆ ಸೇಫ್ಟಿ ಪಿನ್ನು ಚುಚ್ಚಿಟ್ಟು, "ಸ್ವಲ್ಪ ಮಲಗ್ತೀನಿ" ಎಂದಳು. ಏಳಲಿಲ್ಲ.

ಮೊಮ್ಮಗಳು ಹುಟ್ಟಿ, ಮಗುಚಿ, ಅಂಬೆಗಾಲಿಟ್ಟಳು. ಮೊಲ ಮಾತ್ರ ತಲೆಯಿಲ್ಲದೆ ದಿಂಬಿನ ಪಕ್ಕ ಕೂತಿತ್ತು. ಅಜ್ಜಿಯ ಮುಖ ಕಾಣದ ಆ ಕೂಸಿಗೆ ಅಜ್ಜಿಯ ಕೈಯದೊಂದು ವಸ್ತು ಸಿಗಲೇಬೇಕೆಂಬುದು ಲಿಫ್ಟಣ್ಣನ ಒಂದೇ ಆಸೆ. ಅದನ್ನು ಮುಗಿಸುವುದು ಹೇಗೆ ಎಂಬುದೇ ತಿಳಿಯುತ್ತಿರಲಿಲ್ಲ. ಅವನ ಎಡಗೈ ಅವಳ ಹೆಣಿಗೆಯನ್ನು ಹಿಡಿದರೆ ಸುತ್ತು ಎದುರು ದಿಕ್ಕಿಗೆ ಹೊರಳುತ್ತದೆ, ಕತ್ತಿನಲ್ಲಿ ಗೆರೆಯಂತೆ ಏಣು ಏಳುತ್ತದೆ. ಬಲಗೈಯಲ್ಲಿ ಕಲಿಯೋಣವೆಂದು ಬೇರೆ ತುಂಡಿನ ಮೇಲೆ ಎಷ್ಟೋ ದಿನ ಒದ್ದಾಡಿದ. ಮೊದಮೊದಲು ಕಡ್ಡಿಯನ್ನು ಬೈದ, ಆಮೇಲೆ ದಾರವನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಬೆರಳು ಮರಗಟ್ಟಿದವೇ ಹೊರತು ಒಂದು ಸುತ್ತೂ ನೆಟ್ಟಗಾಗಲಿಲ್ಲ. ಮೊಲದ ಮೇಲೇ ಪ್ರಯತ್ನಿಸಿ ಕೆಟ್ಟರೆ, ಬಿಚ್ಚುವಾಗ ಅವಳ ಕುಣಿಕೆಗಳೂ ಕಿತ್ತುಬರುತ್ತವೆ. ಆ ಭಯಕ್ಕೆ ಅವನು ಪಿನ್ನು ತೆಗೆಯಲೇ ಇಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದ್ದನೇ? ಇಲ್ಲ. ಅವಳು ವಾರಕ್ಕೊಮ್ಮೆ ಬಂದಾಗೆಲ್ಲ "ನಾಳೆ ಮುಗಿಸ್ತೀನಿ", "ಕಣ್ಣು ಮಂಜು" ಎಂದು ಸಾಗಹಾಕುತ್ತಿದ್ದ. ಒಂದು ಭಾನುವಾರ ಅವಳ ತಾಳ್ಮೆ ಕೆಟ್ಟಿತು. ಮಗುವನ್ನು ಮಂಚದ ಮೇಲೆ ಬಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಯಾರ್ಯಾರದೋ ಮಕ್ಕಳಿಗೆಲ್ಲ ಆನೆ ಕರಡಿ ಹೆಣೆದುಕೊಟ್ಟೆ. ನಿನ್ನ ಮೊಮ್ಮಗಳಿಗೆ ಅಮ್ಮ ಬಿಟ್ಟುಹೋದ ಅರ್ಧ ಮೊಲ ಮುಗಿಸೋಕೆ ಕೈ ಬರಲ್ವಾ ಅಪ್ಪ?"

"ಕೈ ಬರಲ್ಲ ಕಣೇ. ನಿಜವಾಗ್ಲೂ ಬರಲ್ಲ" ಎಂದ. ಎಡ, ಬಲ, ಎದುರು, ಏಣು ಎಲ್ಲವನ್ನೂ ತಡವರಿಸುತ್ತಾ ಹೇಳಿದ.

ಮಗಳು ಮೆತ್ತಗಾದಳು. "ಅಷ್ಟು ಜೂಲಲ್ಲಿ ಆ ಏಣು ಯಾರಿಗಪ್ಪಾ ಕಾಣತ್ತೆ?"

"ಯಾರಿಗೂ ಕಾಣಲ್ಲ. ನನ್ನ ಬೆರಳಿಗೆ ಗೊತ್ತಾಗತ್ತಲ್ಲ. ಮುಟ್ಟಿದಾಗೆಲ್ಲ, ಇಲ್ಲಿಗೆ ಅವಳು ಹೋದಳು ಅಂತ ಚುಚ್ಚತ್ತೆ."

ಮಗು ದಿಂಬನ್ನು ಕಚ್ಚುತ್ತಿತ್ತು. ಮಗಳು ಕಡ್ಡಿಗೆ ಕೈಚಾಚಿ, "ನಾನು ನೋಡ್ಲಾ?" ಎಂದಳು.

"ನಿನಗೆಲ್ಲಿ ಬರತ್ತೆ ಪುಟ್ಟಿ? ನಿಮ್ಮಮ್ಮ ಕರೆದಾಗೆಲ್ಲ ಓಡಿಹೋಗ್ತಿದ್ದೆ."

"ಅಮ್ಮ ಕಲಿಸಲಿಲ್ಲ. ನೀನು ಕಲಿಸಿದ್ದೆ. ಶಾಲೆಗೆ ರಜೆ, ಅಮ್ಮನಿಗೆ ಡ್ಯೂಟಿ. ನಿನ್ನ ಲಿಫ್ಟಲ್ಲಿ ಒಂದು ಡಬ್ಬ ಮಗುಚಿ ಹಾಕಿ, ನಿನ್ನ ಎದುರಿಗೇ ಕೂರಿಸ್ಕೊಂಡು ಹೇಳಿಕೊಟ್ಟಿದ್ದೆ. ಮರೆತೇಬಿಟ್ಯಾ?"

ಮರೆತೇಬಿಟ್ಟಿದ್ದ. ಈಗ ನೆನಪಾಯಿತು: ಜಾಲರಿಯ ನೆರಳು ಬಿದ್ದ ಪುಟ್ಟ ಮುಖ, ಹೊರಗೆ ಚಾಚಿದ ನಾಲಗೆ, ಎರಡು ಮಹಡಿಯ ನಡುವೆ ಅವಳು ಹೆಣೆದ ಸೊಟ್ಟ ಚೆಂಡು. ಲಿಫ್ಟಣ್ಣ ಮಗಳ ಬಲಗೈ ನೋಡಿದ. ತನ್ನ ಎದುರಿಗೆ ಕೂತು ಕಲಿತವಳು! ಒಂದು ಹಳೇ ತುಂಡು ಕೊಟ್ಟು "ಮೊದಲು ಇದರ ಮೇಲೆ ಹಾಕು" ಎಂದಷ್ಟೇ ಅಂದ.

ಮಗಳು ಕಡ್ಡಿಯನ್ನು ಬಲಗೈಗೆ ತೆಗೆದುಕೊಂಡಳು. ಮೊದಲ ಕುಣಿಕೆಗಳು ಜಾರಿದವು. ಆಮೇಲೆ ಬೆರಳಿಗೆ ದಾರಿ ಸಿಕ್ಕಿತು. ಬಲದಿಂದ ಎಡಕ್ಕೆ, ಒಂದಾದ ಮೇಲೊಂದು. ಪ್ರತಿ ಕುಣಿಕೆಯ ಕೊನೆಗೆ ಉಂಗುರದ ಬೆರಳು ತನಗೇ ತಿಳಿಯದಂತೆ ದಾರವನ್ನು ಸಣ್ಣಗೆ ಜಗ್ಗುತ್ತಿತ್ತು.

ಲಿಫ್ಟಣ್ಣ ಎದ್ದು, ಮೊಲ ತಂದು, ತಾನೇ ಪಿನ್ನು ತೆಗೆದು ಅವಳ ಮಡಿಲಲ್ಲಿಟ್ಟ. ಆ ಮಧ್ಯಾಹ್ನವೆಲ್ಲ ಮಗುವನ್ನು ಆಡಿಸುತ್ತಾ ಕೂತ. ಮಗಳ ಕೈ ನೋಡಲು ಧೈರ್ಯವಿಲ್ಲ, ನೋಡದಿರಲು ಮನಸ್ಸಿಲ್ಲ. ಕತ್ತು ಮುಗಿದು ತಲೆ ದುಂಡಗಾದಾಗ ಅವಳು "ನೋಡಪ್ಪ" ಎಂದು ಚಾಚಿದಳು.

ಅವನು ಕಣ್ಣು ಮುಚ್ಚಿ ಹೆಬ್ಬೆರಳಿಂದ ಜೂಲು ಸರಿಸಿದ. ಹೊಟ್ಟೆಯಿಂದ ಕತ್ತಿಗೆ, ಕತ್ತಿನಿಂದ ತಲೆಗೆ. ಮತ್ತೆ ಕೆಳಗೆ ಬಂದ. ಮತ್ತೆ ಮೇಲೆ ಹೋದ. ಇಷ್ಟು ದಿನ ಕತ್ತಲಲ್ಲೂ ಬೆರಳಿಗೆ ಸಿಗುತ್ತಿದ್ದ ಜಾಗ ಅದು.

"ಏಣು ಬಂತಾ ಅಪ್ಪ?"

"ಇಲ್ಲ ಕಣೇ." ಹೆಬ್ಬೆರಳು ಇನ್ನೂ ಕತ್ತಿನಲ್ಲೇ ಓಡಾಡುತ್ತಿತ್ತು. "ಎಲ್ಲಿ ನಿಲ್ಲಿಸಿದ್ದಳೋ... ಹುಡುಕಿದ್ರೂ ಸಿಗ್ತಿಲ್ಲ."

ಹೆಂಡತಿ ಹೋದ ದಿನವೂ ಜನರೆದುರು ಕಣ್ಣೀರು ಹಾಕದ ಲಿಫ್ಟಣ್ಣ ಅಂದು ಮಗಳ ಮುಂದೆ ಮಗುವಿನಂತೆ ಅತ್ತ. ಅದು ಸಂತೋಷಕ್ಕೋ ದುಃಖಕ್ಕೋ ಎಂದು ಕೇಳಿದ್ದರೆ ಅವನಿಗೂ ಹೇಳಲಾಗುತ್ತಿರಲಿಲ್ಲ. ಮೊಮ್ಮಗಳು ತೆವಳಿಕೊಂಡು ಬಂದು, ಇನ್ನೂ ಕಿವಿಯಿಲ್ಲದ ಆ ಪ್ರಾಣಿಯನ್ನು ಅವನ ಕೈಯಿಂದ ಎಳೆದುಕೊಂಡು, ಕತ್ತಿಗೇ ಬಾಯಿ ಹಾಕಿದಳು. ಅವನು ಬಿಟ್ಟುಕೊಟ್ಟ.