ಗುರುಸಿದ್ದಮ್ಮ ತನ್ನದೇ ಸ್ಲೈಡು ನೋಡಿದ್ದು

ಕಳಲೆಯ ಗುರುಸಿದ್ದಮ್ಮನ ಕಣ್ಣಿಗೆ ಮಣ್ಣೆರಚಿ ಗೆದ್ದವರಿಲ್ಲ. ನಂಜನಗೂಡಿನ ಹತ್ತಿರದ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ: ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ರಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು. ತಾಯಿಯಿಂದ ಮೊಟ್ಟೆಗೂ ದಾಟುವ ಗಂಟುರೋಗದ ಒಂದೇ ಒಂದು ಕಾಳು ಹೊಳೆದರೂ ಆ ಚಿಟ್ಟೆಯ ಮೊಟ್ಟೆಯೆಲ್ಲ ಬೆಂಕಿಗೆ. ಅದರಲ್ಲಿ ದಾಕ್ಷಿಣ್ಯವಿಲ್ಲ.

ಎರಡು ವರ್ಷದಿಂದ ಅವಳಿಗೆ ದಮ್ಮು. ಚಿಟ್ಟೆ ಕೋಣೆಯಲ್ಲಿ ದುಡಿದ ದಿನ ಸಂಜೆಗೆ ಎದೆ ಕುಂಯ್‌ಗುಟ್ಟುತ್ತಿತ್ತು. ಚಿಟ್ಟೆ ರೆಕ್ಕೆಯ ಪುಡಿ ನಿಮಗೆ ಆಗುವುದಿಲ್ಲ, ಆ ಕೆಲಸ ಬಿಡಿ ಎಂದರು ಮೈಸೂರಿನ ಡಾಕ್ಟರು. ಅನ್ನ ಕೊಟ್ಟ ಚಿಟ್ಟೆಯ ಮೇಲೆ ಅಪವಾದವೇ ಎಂದು ಅವಳಿಗೆ ಸಿಟ್ಟು ಬಂತು. ಇದು ಬರೀ ಥಂಡಿ ಎಂದು ಹಟ ಹಿಡಿದಳು. ಆ ಕುರ್ಚಿ ಬಿಟ್ಟರೆ ತಾನು ಯಾರು ಎಂಬ ಭಯ ಒಳಗೊಳಗೇ ಇತ್ತು.

ಮೂರು ವಾರ ರಜೆ ಹಾಕಿ, ಬಾಯಲ್ಲಿ ಎಳೆದುಕೊಳ್ಳುವ ಔಷಧಿ ತೆಗೆದುಕೊಂಡಳು. ಉಸಿರು ಸಲೀಸಾಯಿತು. ಕಫ ಪರೀಕ್ಷೆಗೆ ಹೋದಾಗ, ಸ್ಲೈಡನ್ನು ತಾನೇ ನೋಡಬೇಕೆಂದು ಆಸ್ಪತ್ರೆ ಲ್ಯಾಬಿನ ಆಶಾರಾಣಿಯನ್ನು ಕಾಡಿದಳು. ಇಣುಕಿದವಳೇ ಹಿಂದೆ ಸರಿದಳು. ಕೆಂಪು ಕಾಳು ತುಂಬಿದ ಮೂರು ನಾಲ್ಕು ಗುಂಡು ಚುಕ್ಕಿ ಕಂಡಿದ್ದವು.

“ರೋಗ ಬಂದದೆ ಕಣವ್ವ, ಸುಟ್ಬುಡು,” ಎಂದಳು, ಅಭ್ಯಾಸಬಲ.

ಆಶಾರಾಣಿ ನಕ್ಕಳು. “ರೋಗ ಅಲ್ಲ ಕಣಕ್ಕ, ನಿಮ್ ರಕ್ತದ ಕಾವಲು ಕಣಗಳೇ.”

ಮರುದಿನ ಗುರುಸಿದ್ದಮ್ಮ ಯಾರಿಗೂ ಹೇಳದೆ ಚಿಟ್ಟೆ ಕೋಣೆಯಲ್ಲಿ ಒಂದು ಗಂಟೆ ಕೂತು ಬಂದಳು. ಚಿಟ್ಟೆ ನಿರಪರಾಧಿ ಎಂದು ಸಾಬೀತು ಮಾಡುವ ಹುಚ್ಚು. ಸಂಜೆಗೆ ಉಸಿರು ಕಟ್ಟಿತು, ಬೆಳಿಗ್ಗೆ ಆಸ್ಪತ್ರೆ ಸೇರಿದಳು. ಚೇತರಿಸಿಕೊಂಡ ಮೇಲೆ, ಸೇರಿದ ದಿನ ತೆಗೆದ ಕಫದ ಸ್ಲೈಡು ತೋರಿಸೆಂದು ಮತ್ತೆ ಕೇಳಿದಳು.

ಈ ಸಲ ಗಾಜಿನ ತುಂಬ ಕೆಂಪು ಕಾಳಿನ ಚುಕ್ಕಿಗಳು, ಜಾತ್ರೆಗೆ ನೆರೆದ ಜನದ ಹಾಗೆ. ಆಶಾರಾಣಿ ಬಿಡಿಸಿ ಹೇಳಿದಳು: ಆ ಪುಡಿಯನ್ನು ಎಂದೋ ಶತ್ರುವೆಂದು ಕಲಿತ ಕಣಗಳು ಮೈಯೊಳಗಿವೆ, ಅವು ಮರೆಯುವುದಿಲ್ಲ, ಪುಡಿ ಹೊಕ್ಕ ಕೂಡಲೇ ಕರೆ ಕಳಿಸುತ್ತವೆ, ಕೆಲವೇ ಗಂಟೆಯಲ್ಲಿ ಈ ಕೆಂಪು ಕಾಳಿನವು ರಕ್ತದಿಂದಿಳಿದು ಶ್ವಾಸನಾಳಕ್ಕೆ ಮುತ್ತಿಗೆ ಹಾಕುತ್ತವೆ. ಅವಳನ್ನು ಕಾಯಲು ಹೋಗಿ ಅವಳ ಉಸಿರಿನ ದಾರಿಯನ್ನೇ ಮುಚ್ಚುತ್ತವೆ.

ಗುರುಸಿದ್ದಮ್ಮ ಕಣ್ಣು ಕೀಳಲಿಲ್ಲ. ಲಕ್ಷಾಂತರ ಚಿಟ್ಟೆಗಳ ಒಳಗನ್ನು ಕಂಡವಳಿಗೆ, ತನ್ನೊಳಗೆ ಇಷ್ಟು ದೊಡ್ಡ ಸೈನ್ಯ ತನ್ನನ್ನು ಕೇಳದೆಯೇ ಎದ್ದು ನಡೆಯುತ್ತದೆಂದು ತಿಳಿದಿರಲಿಲ್ಲ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಕೈ ಮುಗಿಯಬೇಕೆನಿಸಿತು.

ವಾರದ ನಂತರ ಮೊಟ್ಟೆ ಕೇಂದ್ರದ ಯಜಮಾನ ಮರಿಸ್ವಾಮಿಯ ಮುಂದೆ ನಿಂತು, ಹಿಪ್ಪುನೇರಳೆ ತೋಟದ ಕೆಲಸಕ್ಕೆ ಹಾಕಿ ಎಂದು ತಾನಾಗಿ ಕೇಳಿದಳು. ಇಷ್ಟು ದಿನ ಹಟ ಮಾಡಿದವಳು ಈಗೇಕೆ ಎಂದು ಆತ ಬೆರಗಾದ.

“ನನ್ನೊಳಗಿರೋವು ನನ್ ಮಾತ್ ಕೇಳಕಿಲ್ಲ ಸಾ,” ಎಂದಳು. “ನಾನೇ ಅವುಗಳ ಮಾತ್ ಕೇಳ್ಬೇಕು.”